ಗೋಡೆಯಾಚೆ ಕೇಳಿ ಸ್ವಿಚ್ ಹಾಕುತ್ತಿದ್ದ ದೊಡ್ಡವ್ವ

ಬಲಗೈಯ ತೋರುಬೆರಳನ್ನು ಅಂಗೈಯೊಳಗೆ ಮಡಿಚಿಟ್ಟುಕೊಂಡೇ ಅವರು ಓಡಾಡುತ್ತಿದ್ದರು. ರೊಟ್ಟಿ ಬಡಿಯುವಾಗ ಬಿಚ್ಚಿಕೊಂಡ ಬೆರಳು, ಕೆಲಸ ಮುಗಿದೊಡನೆ ಮತ್ತೆ ಒಳಗೆ ಸೇರುತ್ತಿತ್ತು. ಮದುವೆಯಾಗಿ ಬೆಟಗೇರಿಗೆ ಬಂದ ಹೊಸತರಲ್ಲಿ ನಾನು ಅದೇನೋ ಬೇನೆ ಇರಬೇಕು ಎಂದುಕೊಂಡಿದ್ದೆ. ನಮ್ಮ ಪಕ್ಕದ ಮನೆಯವರು; ಓಣಿಗೆಲ್ಲ ದೊಡ್ಡವ್ವ.

ಯಾವುದೇ ಸ್ವಿಚ್ ಹಾಕುವ ಮೊದಲು ಅವರು ನಡುಗೋಡೆಯ ಹತ್ತಿರ ಹೋಗಿ ಕೂಗುತ್ತಿದ್ದರು: "ಏ ತಂಗಿ, ಯಾರಾರ ಕರೆಂಟಿನ ವೈರಿಗೆ ಕೈ ಹಚ್ಯಾರೇನ?"

ಆಚೆಯಿಂದ ಅವರ ಮೈದುನನ ಹೆಂಡತಿಯ ದನಿ ಬರುತ್ತಿತ್ತು: "ಯಾರೂ ಇಲ್ಲರಿ ಅಕ್ಕಾ. ಹಚ್ಚರಿ."

ಆ ಉತ್ತರ ಬರುವವರೆಗೂ ದೊಡ್ಡವ್ವನ ಮನೆಯಲ್ಲಿ ದೀಪ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುಣಸೆಹಣ್ಣು ಬಿಡಿಸುತ್ತ ಕೂತಾಗ ತಾವಾಗಿಯೇ ಹೇಳಿದರು. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಎದ್ದು, ಮೀಟರ್ ಎರಡಾಗಿದ್ದವು. ವೈರಿಂಗ್‌ನವನು ಕರೆಂಟು ಬರುವ ವೈರನ್ನೇನೋ ಬೇರೆ ಮಾಡಿದ್ದ. ಆ ಕರೆಂಟು ಮರಳಿ ಹೋಗುವ ನ್ಯೂಟ್ರಲ್ ವೈರನ್ನು ಮಾತ್ರ ಎರಡೂ ಮನೆಗೆ ಒಂದೇ ಉಳಿಸಿದ್ದ. ಒಂದು ಮುಂಜಾನೆ ಮೈದುನ ತನ್ನ ಮನೆಯ ಮೇನ್ ಬಂದ್ ಮಾಡಿ, ಸ್ಟೂಲ್ ಹತ್ತಿ, ಆ ನ್ಯೂಟ್ರಲ್‌ನ ಜೋಡಣೆ ಬಿಚ್ಚಿ ಹಿಡಿದಿದ್ದ. ಅದೇ ಹೊತ್ತಿಗೆ ಈ ಕಡೆ ದೊಡ್ಡವ್ವ ಚಟ್ನಿ ರುಬ್ಬಲು ಮಿಕ್ಸರ್ ಹಾಕಿದರು. ಇವರ ಕರೆಂಟು ಮಿಕ್ಸರ್ ಹಾಯ್ದು, ಆ ಒಂದೇ ವೈರಿನಲ್ಲಿ ಗೋಡೆ ದಾಟಿ ಅವನ ಕೈಗೆ ಹೋಯಿತು.

"ಮಿಕ್ಸರ್ ತಿರಗಲಿಲ್ಲ ನೋಡವಾ. ಕೆಟ್ಟಿತೇನೋ ಅಂತ ಮತ್ತ ಒತ್ತಿದೆ. ಮತ್ತೂ ಒತ್ತಿದೆ. ಆಮ್ಯಾಲೆ ಆ ಕಡೆ ಏನೋ ಬಿದ್ದ ಸಪ್ಪಳಾತು."

ಮೈದುನ ಉಳಿಯಲಿಲ್ಲ. ನಿಮ್ಮ ತಪ್ಪಲ್ಲ ಎಂದು ಎಲ್ಲರೂ ಹೇಳಿದರಂತೆ, ಮೈದುನನ ಹೆಂಡತಿಯೂ. ವೈರುಗಳನ್ನು ಬೇರೆ ಮಾಡಿದ್ದೂ ಆಯಿತು. ತಮ್ಮ ಗಂಡನೂ ಹೋದ ಮೇಲೆ, ಹಿರೇವಡ್ಡಟ್ಟಿಯ ತವರಿನಿಂದ ಕರೆಯಲು ಬಂದ ಅಣ್ಣನನ್ನು ಅವರು ಬರಿಗೈಯಲ್ಲಿ ಕಳಿಸಿದರು. "ಅಕಿ ಒಬ್ಬಾಕಿನ್ನ ಬಿಟ್ಟ ಎಲ್ಲಿ ಹೋಗ್ಲಿ? ನಾ ಕೇಳಿದ್ರ ಅಕಿ ಓ ಅಂತಾಳ. ಅಷ್ಟರ ಇರ್ಲಿ."

ನಾವು ಬಾಡಿಗೆಗೆಂದು ಮಾಳಿಗೆ ಮನೆ ಕಟ್ಟಿಸಿದಾಗ ದೊಡ್ಡವ್ವ ಕರೆಯದೆಯೇ ಬಂದರು. ವೈರಿಂಗ್‌ನವನನ್ನು ಕೇಳಿದರು: "ಮ್ಯಾಲಿನ ಮನಿ ನ್ಯೂಟ್ರಲ್ ಎಲ್ಲಿಗೆ ಹೊಂಟೈತಿ?"

"ಕೆಳಗಿನ ಮನಿದಕ್ಕ ಕೂಡಸ್ತೀನ್ರಿ. ಏನಾಗಂಗಿಲ್ಲ."

ದೊಡ್ಡವ್ವ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬ್ಯಾರೆ ಎಳಿಯಪಾ. ಎಳಿಯೂತನಕ ನಾ ಏಳಂಗಿಲ್ಲ."

ನಾಳೆ ನೋಡಿದರಾಯಿತು ಎಂದರು ನನ್ನ ಗಂಡ. ದೊಡ್ಡವ್ವ ನನ್ನನ್ನೇ ನೋಡಿ ಅಂದರು: "ನಿನ್ನ ಗಂಡ ಮೇನ್ ಬಂದ್ ಮಾಡೇನಿ ಅಂತ ಕೈ ಹಚ್ತಾನ. ಮ್ಯಾಲೆ ಬಾಡಿಗಿ ಇರಾಕಿಗೆ ಹೆಂಗ ಗೊತ್ತಾಗಬೇಕು?"

ಬೇರೆ ವೈರ್ ಮೀಟರಿಗೆ ಬಂದು ಸೇರಿದ ಮೇಲೆಯೇ ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು, ನಾನೇ ಕೈಕೊಟ್ಟು ಇಳಿಸಿದೆ.

ಹೋದ ಬೇಸಿಗೆಯಲ್ಲಿ ದೊಡ್ಡವ್ವ ತೀರಿಕೊಂಡರು. ಮೈದುನನ ಹೆಂಡತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಣ ಎತ್ತುವವರೆಗೂ ಯಾರಿಗೂ ಬಿಟ್ಟುಕೊಡಲಿಲ್ಲ.

ಮೊನ್ನೆ ನನ್ನ ಗಂಡ ಮೇನ್ ಬಂದ್ ಮಾಡಿ ಪಡಸಾಲೆಯ ಬೋರ್ಡ್ ಬಿಚ್ಚಿ ನಿಂತಿದ್ದರು. ವೈರುಗಳು ಅವರ ಬೆರಳುಗಳ ನಡುವೆ ಇದ್ದವು. ಆಗಲೇ ಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮಷಿನ್ ಗರ್ ಎಂದು ಶುರುವಾಯಿತು. ನಾನು ಟಾರ್ಚನ್ನು ಬೋರ್ಡಿನಿಂದ ಅವರ ಮುಖದ ಕಡೆಗೆ ತಿರುಗಿಸಿದೆ; ಅವರಿಗೆ ಏನೂ ಆಗಿರಲಿಲ್ಲ, ಮೇಲಿನ ಮನೆಯ ವೈರ್ ಬೇರೆಯಾಗಿತ್ತು.

"ನೆಟ್ಟಗ ಹಿಡಿ," ಎಂದರು ಅವರು, ತಿರುಗಿಯೂ ನೋಡದೆ.