ಸಂಸತ್ತಿನಲ್ಲಿ ನನ್ನ ಹೆಂಡತಿಯ ಹಾಸಿಗೆ

ಒಂದು ದೇಶದ ಸಂಸತ್ತಿನಲ್ಲಿ ನನ್ನ ಹೆಂಡತಿಯ ವಿಷಯ ಪ್ರಸ್ತಾಪವಾಗುತ್ತದೆ ಎಂದರೆ ನಾನು ಸುಮ್ಮನೆ ಕೂರುವ ಆಸಾಮಿಯೇ? ಬರ್ ದುಬೈನ ನಮ್ಮ ಕಟ್ಟಡದಲ್ಲಿ ಕನ್ನಡ ಬರುವವರಿಗೆಲ್ಲ ಡಂಗುರ ಸಾರಿದೆ. ಗುರುವಾರ ಸಂಜೆ ಬರ್ರಿ, ದೊಡ್ಡ ಟಿವಿಯಲ್ಲಿ ಹಾಕ್ತೀನಿ, ಚಹಾ ನಂದು ಅಂದೆ. ಕೊನೆಗೆ ಬಂದವರು ಎದುರು ಮನೆಯ ಉಡುಪಿ ಕಡೆಯ ದಂಪತಿ ಇಬ್ಬರೇ. ಗಂಡ ಜೆಬೆಲ್ ಅಲಿಯ ಗೋದಾಮಿನಿಂದ ಕಂಪನಿ ಬಸ್ಸಿಳಿದು ಸೀದಾ ಬಂದಿದ್ದರು. ಅವರ ಹೆಂಡತಿ, ನಾವು ಅಕ್ಕ ಎನ್ನುವವರು, ಒಂದು ಡಬ್ಬಿ ತುಂಬ ಬಿಸಿ ಗೋಳಿಬಜೆ ತಂದಿದ್ದರು.

ಹೆಂಡತಿ ಐರ್ಲೆಂಡಿನ ಒಂದು ಸಣ್ಣ ಊರಿನ ವೃದ್ಧಾಶ್ರಮಕ್ಕೆ ಆರೈಕೆ ಕೆಲಸಕ್ಕೆಂದು ಹೋಗಿ ಅದು ಎರಡನೇ ಚಳಿಗಾಲ. ಅವಳು ಮೊದಲು ಹೋಗುವುದು, ಆಮೇಲೆ ನಾನೂ ಮಗಳೂ ಸೇರಿಕೊಳ್ಳುವುದು ಎಂದು ಇಬ್ಬರೂ ಕೂತು ನಿಶ್ಚಯಿಸಿದ್ದೆವು. ಹೋದ ಮೇಲೆ ಗೊತ್ತಾಯಿತು, ಅವಳ ದರ್ಜೆಯ ಕೆಲಸದವರು ಸಂಸಾರ ಕರೆಸಿಕೊಳ್ಳಬೇಕಾದರೆ ಅಲ್ಲಿ ಹತ್ತೆಂಟು ಅಡ್ಡಿ. ಅರ್ಜಿ ಹಾಕಿ ಹಾಕಿ ಸಾಕಾಗಿ ಕಡೆಗೆ ಆ ಭಾಗದ ಸಂಸದೆಯನ್ನೇ ಹೋಗಿ ಕಂಡಳು. ಪಿಎ ಇಲ್ಲ, ಹಾರ ತುರಾಯಿ ಇಲ್ಲ, ಶನಿವಾರ ಬೆಳಿಗ್ಗೆ ಒಂದು ಕಾಫಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆ ಹೆಂಗಸು ಕೂತಿರುತ್ತಾರಂತೆ, ಯಾರು ಬೇಕಾದರೂ ಹೋಗಬಹುದಂತೆ. ಧಾರವಾಡದ ಕಡೆ ಶಾಸಕರೊಬ್ಬರ ಮನೆ ಮುಂದೆ ಅರ್ಧ ದಿನ ಚಪ್ಪಲಿ ಕಾದು ವಾಪಸ್ಸಾದವನು ನಾನು. ನಂಬುವುದು ಹೇಗೆ?

“ನಿನಗ ಅಲ್ಲಿ ಓಟ್ ಐತೇನು?” ಎಂದು ಫೋನಿನಲ್ಲಿ ಕೇಳಿದ್ದೆ.

“ಅವರಿಗೆ ಹಾಕ್ಲಿಕ್ಕೆ ಇಲ್ಲ.”

“ಮತ್ತ ಆಕಿಗೇನು ಲಾಭ, ನಿನ್ನ ಪರ ಬಾಯಿ ತೆಗದು?”

“ಎಂತ ಲಾಭವೋ ನಂಗೂ ಗೊತ್ತಿಲ್ಲ ಮಾರಾಯ್ರೆ. ಎಲ್ಲ ಕೇಳಿಸ್ಕೊಂಡ್ರು. ಗುರುವಾರ ಮಾತಾಡ್ತಾರಂತೆ. ನೀವು ನೋಡ್ಬೇಡಿ, ಸುಮ್ನೆ ಬೋರು.” ಅವಳು ಮಂಗಳೂರಿನವಳು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವಳ ಕನ್ನಡ ಅವಳಿಗೆ, ನನ್ನದು ನನಗೆ.

ನೋಡಬೇಡಿ ಎಂದರೆ ಬಿಡುವವನಲ್ಲ ನಾನು. ಟಿವಿ ಹಾಕಿದಾಗ ಮಗ್ರಿಬ್ ಬಾಂಗ್ ಮುಗಿದಿತ್ತು, ಐರ್ಲೆಂಡಿನಲ್ಲಿ ಇನ್ನೂ ಮಧ್ಯಾಹ್ನ. ತೆರೆಯ ಮೇಲೆ ಬಂದದ್ದನ್ನು ನೋಡಿ ನಾನು ಬೇರೆ ಯಾವುದೋ ಚಾನೆಲ್ ಒತ್ತಿದೆನೇನೋ ಅಂದುಕೊಂಡೆ. ಅಷ್ಟು ದೊಡ್ಡ ಸಭಾಂಗಣದಲ್ಲಿ ಬೆರಳೆಣಿಕೆಯ ಜನ! ಸಾಲು ಸಾಲು ಖಾಲಿ ಕುರ್ಚಿ. ಮೇಲೆ ಸಭಾಪತಿ, ಆ ಕಡೆ ಒಬ್ಬ ಸಚಿವರು, ಈ ಕಡೆ ನಮ್ಮ ಸಂಸದೆ. ದಪ್ಪ ಸ್ವೆಟರ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ನಿಂತಿದ್ದರು.

“ಮದುವೆಮನೆಯ ಕೊನೇ ಪಂಕ್ತಿಗೆ ಬಂದ ಹಾಗಾಯ್ತಲ್ಲ ನಾವು,” ಎಂದರು ಎದುರು ಮನೆಯವರು. ನನಗೆ ಸಿಟ್ಟು ಬಂತು. ಕೇಳುವವರೇ ಇಲ್ಲದಲ್ಲಿ ಹೇಳಿ ಏನು ಸುಖ? ನಮ್ಮೂರ ಪಂಚಾಯ್ತಿ ಸಭೆಯಲ್ಲೂ ಇದಕ್ಕಿಂತ ಜನ ಇರುತ್ತಾರೆ, ಜಗಳ ಆಡುವುದಕ್ಕಾದರೂ.

ಆ ಇಂಗ್ಲಿಷಂತೂ ನನ್ನ ಕಿವಿಗೆ ಹತ್ತಲಿಲ್ಲ. ಅಕ್ಕನಿಗೂ ಅಷ್ಟೇ. ಮಗಳು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕೈಯಲ್ಲೊಂದು ಗೋಳಿಬಜೆ ಹಿಡಿದುಕೊಂಡೇ ನಮಗೆಲ್ಲ ಬಿಡಿಸಿ ಹೇಳತೊಡಗಿದಳು. ಶಾಲೆಯಲ್ಲಿ ಅವಳ ಟೀಚರ್ ಒಬ್ಬರು ಅದೇ ದೇಶದವರು.

ಸಂಸದೆ ಮೊದಲು ಬಸ್ಸಿನ ವಿಷಯ ಎತ್ತಿದರು. ವೃದ್ಧಾಶ್ರಮದ ಎದುರು ಬಸ್ಸು ನಿಲ್ಲುವುದಿಲ್ಲ. ಸೇತುವೆಯ ಬಳಿ ಇಳಿದು, ಕಾಲುದಾರಿಯೇ ಇಲ್ಲದ ರಸ್ತೆಯಲ್ಲಿ ಕೆಲಸದ ಹೆಂಗಸರು ಕತ್ತಲಲ್ಲಿ ನಡೆದು ಬರಬೇಕು. “ಬಸ್ ಸ್ಟಾಪ್‌ಗೋಸ್ಕರ ಪಾರ್ಲಿಮೆಂಟಾ?” ಎಂದು ಅಕ್ಕ ಗಲ್ಲಕ್ಕೆ ಕೈಯಿಟ್ಟುಕೊಂಡರು. ಅಲ್ಲಿಂದ ಸಂಸದೆ ಒಂದೇ ಉಸಿರಿನಲ್ಲಿ ಇಡೀ ದೇಶದ ಮಾತಿಗೆ ಬಂದರು. ದೇಶದ ತುಂಬ ಮುದುಕರನ್ನು ನೋಡಿಕೊಳ್ಳುವವರು ಹೊರಗಿನಿಂದ ಬಂದವರು, ಅವರಿಗೆ ಬಾಡಿಗೆಗೆ ಮನೆ ಸಿಗುವುದಿಲ್ಲ, ಅವರ ಮಕ್ಕಳು ಎಲ್ಲೋ ಬೆಳೆಯುತ್ತಿದ್ದಾರೆ ಎಂದರು.

“ಹೆಸರು ಹೇಳಲ್ಲವಂತೆ,” ಎಂದಳು ಮಗಳು. “ಒನ್ ಲೇಡಿ. ಫ್ರಮ್ ಇಂಡಿಯಾ. ದುಬೈನಿಂದ ಬಂದಿದ್ದಾರೆ. ಅವರಿಗೊಬ್ಬಳು ಡಾಟರ್, ಇಲೆವೆನ್... ಅಪ್ಪಾ, ದಟ್ಸ್ ಮೀ! ಅಪ್ಪಾ, ಶೀ ಈಸ್ ಟಾಕಿಂಗ್ ಅಬೌಟ್ ಮೀ!”

ಅಬ್ಬಾ, ಆ ಕ್ಷಣ! ನಾವೆಲ್ಲ ಚಪ್ಪಾಳೆ ಹೊಡೆದೆವು. ನನ್ನ ಎದೆ ಉಬ್ಬಿತು ಎಂದರೆ ಕಡಿಮೆಯಾಯಿತು. ಕಣ್ಣಲ್ಲಿ ನೀರು ಬಂದಿತ್ತು, ಹೇಳಲು ನಾಚಿಕೆಯೇನಿಲ್ಲ.

ಚಪ್ಪಾಳೆಯ ಗದ್ದಲದಲ್ಲಿ ಮಗಳು ಒಮ್ಮೆಗೇ ಸುಮ್ಮನಾದದ್ದನ್ನು ನಾನು ಗಮನಿಸಲಿಲ್ಲ. “ಮುಂದ? ಮುಂದೇನಂದ್ಲು?” ಎಂದು ಅವಳ ಭುಜ ಅಲುಗಾಡಿಸಿದೆ.

“ಅವರ ಮನೇಲಿ ಬೆಡ್ ಸಾಕಾಗಲ್ಲವಂತೆ,” ಎಂದಳು ಮೆಲ್ಲಗೆ. “ದೇ ಶೇರ್ ಎ ಬೆಡ್. ಇನ್ನೊಬ್ಬ ಲೇಡಿ ಜೊತೆ. ನಾಟ್ ಟುಗೆದರ್, ಅಪ್ಪಾ. ಟರ್ನ್ಸ್. ಒಬ್ಬರು ರಾತ್ರಿ ಮಲಗ್ತಾರೆ, ಅವರು ಎದ್ದು ಹೋದ ಮೇಲೆ ಅಮ್ಮ ಮಲಗ್ತಾಳೆ.”

“ಅಯ್ಯೋ ದೇವರೇ, ಎಂತದಿದು!” ಎಂದರು ಅಕ್ಕ. ಎದುರು ಮನೆಯವರು ಚಹಾದ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಇದು ಬೇರೆ ಯಾರದೋ ಕಥೆ, ದುಬೈನಿಂದ ಹೋದವಳು ಇವಳೊಬ್ಬಳೇ ಏನು ಎಂದು ನಾನು ಒಳಗೊಳಗೇ ವಾದ ಹೂಡಿದೆ. ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳಲ್ಲ? ಬೆನ್ನ ಹಿಂದೆ ದೊಡ್ಡ ಕಿಟಕಿ, ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ, ಆಚೆ ಹಸಿರು ಹೊಲ. ರೂಮು ಹೇಗಿದೆ ನೋಡ್ರಿ ಎಂದು ಕಂಡಕಂಡವರಿಗೆ ಆ ಫೋಟೋ ತೋರಿಸಿದವನು ನಾನು.

ಹಾಸಿಗೆ ಸರದಿ ಎಂದರೇನೆಂದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ನನ್ನ ಹೊಟ್ಟೆಪಾಡೇ ಅದು. ಮುಹೈಸ್ನಾದಲ್ಲಿ ನಮ್ಮ ಕಂಪನಿಯ ಕೆಲಸಗಾರರ ವಸತಿಗೆ ನಾನು ಸೂಪರ್‌ವೈಸರ್. ಒಬ್ಬನಿಗೊಂದು ಹಾಸಿಗೆ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹೋದ ತಿಂಗಳು ಹಗಲು ಪಾಳಿಯವನೊಬ್ಬ ಊರಿಂದ ಬಂದ ತಮ್ಮನನ್ನು ತಾನು ಕೆಲಸಕ್ಕೆ ಹೋದ ಹೊತ್ತಲ್ಲಿ ಕದ್ದು ತನ್ನ ಬಂಕಿನಲ್ಲಿ ಮಲಗಿಸುತ್ತಿದ್ದ. ಮಧ್ಯಾಹ್ನ ಖಾಲಿ ಹಾಸಿಗೆ ಮುಟ್ಟಿ ನೋಡಿದರೆ ಬೆಚ್ಚಗಿತ್ತು, ಹಾಗೆ ಸಿಕ್ಕಿಬಿದ್ದ. ನಾನು ಅದನ್ನು ಫೋನಿನಲ್ಲಿ ಹೆಂಡತಿಗೆ ಬಣ್ಣ ಕಟ್ಟಿ ಹೇಳಿದ್ದೆ. ಎಂಥ ಮಾತಿಗೂ ಮೊದಲು ನಗುವವಳು ಅವತ್ತು ನಗಲಿಲ್ಲ. ಲೈನ್ ಸರಿಯಿಲ್ಲ ಅಂದುಕೊಂಡಿದ್ದೆ.

ಟಿವಿಯಲ್ಲಿ ಸಚಿವರು ಎದ್ದು ಕಾಗದ ನೋಡಿ ಓದತೊಡಗಿದರು. ತಲೆಯೆತ್ತಲಿಲ್ಲ. ಸರ್ಕಾರ ಪರಿಶೀಲಿಸುತ್ತಿದೆ, ವಿಷಯದ ಗಂಭೀರತೆ ಗಮನದಲ್ಲಿದೆ. ಇದನ್ನು ಮಗಳು ಹೇಳಬೇಕಾಗಲೇ ಇಲ್ಲ, ಯಾವ ದೇಶದಲ್ಲಾದರೂ ಈ ಧಾಟಿ ನನಗೆ ಗೊತ್ತಾಗುತ್ತದೆ. ಸಂಸದೆ ಮತ್ತೆ ಎದ್ದರು. ಈ ಸಲ ಅವರ ದನಿ ಗಟ್ಟಿಯಾಗಿತ್ತು.

“ಏನಂತಾಳ?”

“ನಮ್ಮ ತಂದೆತಾಯಿಯನ್ನ ಮಲಗಿಸೋರಿಗೆ ಮಲಗೋಕೆ ಜಾಗ ಇಲ್ಲ ಅಂತ. ಉತ್ತರ ಸಿಗೋವರೆಗೂ ಕೇಳ್ತಾನೇ ಇರ್ತಾರಂತೆ,” ಎಂದು ಮಗಳು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೆ ವಾಪಸ್ ಹಾಕಿದಳು.

ನೆರೆಯವರು ಎದ್ದುಹೋದರು. ಅಕ್ಕ ಡಬ್ಬಿಯನ್ನೂ ಮರೆತರು. ನಾನು ಕೂಡಲೇ ಫೋನ್ ಮಾಡಿದೆ. ಇನ್ನೂ ಅವಳು ಪಾಳಿಗೆ ಹೊರಡುವ ಹೊತ್ತಾಗಿರಲಿಲ್ಲ. ಎತ್ತಿದಳು. ಕ್ಯಾಮೆರಾ ಆಫ್ ಇತ್ತು.

“ನೋಡಿದ್ರಾ?” ಎಂದಳು.

“ಆ ಕಿಟಕಿ ಯಾರದು?”

“ಆಶ್ರಮದ ಊಟದ ಕೋಣೆಯದ್ದು,” ಎಂದಳು. ಒಂದು ಸುಳ್ಳು ಸೇರಿಸುವ ಪ್ರಯತ್ನವನ್ನೂ ಮಾಡಲಿಲ್ಲ. “ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೆ ಅಲ್ಲಿಂದ ಮಾತಾಡುದು.”

“ಯಾಕ ಹೇಳಲಿಲ್ಲ ನನಗ? ಗಂಡ ಸತ್ತೋಗ್ಯಾನೇನು? ಯಾವಾಕಿನೋ ಪರದೇಶದಾಕಿಗೆ ಹೇಳ್ತಿ, ಆಕಿ ಇಡೀ ಜಗತ್ತಿಗೆ ಹೇಳ್ತಾಳ, ನನ್ನ ಮಗಳ ಬಾಯಿಂದ ನಾ ಕೇಳಬೇಕು!”

“ಅವರು ನನ್ನತ್ರ ಕೇಳಿಯೇ ಹೇಳಿದ್ದು. ಹೆಸರು ಬೇಡ ಅಂದೆ, ಅಷ್ಟೇ. ನಿಮಗೆ ಹೇಳಿದ್ರೆ ನೀವು ಎಂತ ಹೇಳ್ತಿದ್ರಿ?”

“ವಾಪಸ್ ಬಾ ಅಂತಿದ್ದೆ! ಈಗಲೂ ಅದನ್ನೇ ಹೇಳ್ತೀನಿ. ಖಲಾಸ್. ಇವತ್ತೇ ಟಿಕೆಟ್ ತೆಗೀತೀನಿ.”

“ಅದಕ್ಕೇ ಹೇಳ್ಲಿಲ್ಲ. ಈಗ ನಾನು ಬಂದ್ಬಿಟ್ರೆ, ಅವರು ಮುಂದಿನ ಸಲ ಯಾರ ಬಗ್ಗೆ ಕೇಳುದು? ನಾಚಿಕೆ ಬಿಟ್ಟು ಹೇಳಿಯಾಗಿದೆ. ನೀವಿಬ್ಬರೂ ಇಲ್ಲಿಗೆ ಬರುವವರೆಗೆ ನಾನು ಬರುದಿಲ್ಲ.”

ನನಗೆ ಬಂದ ಸಿಟ್ಟಿಗೆ ಫೋನನ್ನು ಗೋಡೆಗೆ ಒಗೆಯಬೇಕು ಅನಿಸಿತು. “ತೋರಿಸು ಆ ಹಾಸಿಗಿ,” ಎಂದೆ.

ಕ್ಯಾಮೆರಾ ಆನ್ ಆಯಿತು. ಇಳಿಜಾರು ಸೂರಿನ ಕೆಳಗೆ ಒಂದು ಕಿರಿದಾದ ಮಂಚ. ಅವಳು ಅಷ್ಟು ಹೊತ್ತಿಗೆ ತನ್ನ ಚಾದರ ತೆಗೆದು ಮಡಚಿ, ಇನ್ನೊಬ್ಬಳ ನೀಲಿ ಚಾದರ ಹಾಸಿ, ಮೂಲೆಗಳನ್ನು ಎಳೆದು ನೆಟ್ಟಗೆ ಮಾಡಿದ್ದಳು. ದಿಂಬಿನ ಪಕ್ಕದ ಗೋಡೆಗೆ ಎರಡು ಫೋಟೋ ಅಂಟಿಸಿತ್ತು. ಒಂದು ನನ್ನ ಮಗಳದು, ಶಾಲೆಯ ಸಮವಸ್ತ್ರದಲ್ಲಿ. ಅದರ ಪಕ್ಕ ಹಲ್ಲು ಬಿದ್ದ ಬಾಯಲ್ಲಿ ನಗುತ್ತಿದ್ದ ಒಬ್ಬ ಚಿಕ್ಕ ಹುಡುಗ.

ಮಗಳು ನನ್ನ ತೋಳಿನ ಕೆಳಗಿಂದ ತಲೆ ತೂರಿಸಿದಳು. “ಅಮ್ಮಾ, ಹೂ ಈಸ್ ಹೀ?”

“ರಾತ್ರಿ ಮಲಗ್ತಾರಲ್ಲ, ಆ ಆಂಟಿಯ ಮಗ. ಫಿಲಿಪೀನ್ಸಿನಲ್ಲಿ ಅಜ್ಜಿ ಜೊತೆ ಇದ್ದಾನೆ. ನಾವು ಒಬ್ಬರದ್ದೂ ತೆಗೆಯುದಿಲ್ಲ ಪುಟ್ಟಾ. ಅವರು ಮಲಗುವಾಗ ನಿಂಗೂ ಗುಡ್ ನೈಟ್ ಹೇಳ್ತಾರೆ. ನಾನು ಬೆಳಿಗ್ಗೆ ಬಂದು ಮಲಗುವಾಗ ಇವನಿಗೂ ಹೇಳ್ತೇನೆ.”

ಮಗಳು ಫೋನಿನ ಹತ್ತಿರ ಬಾಗಿ, “ಹಾಗಾದ್ರೆ ನಾವು ಅಲ್ಲಿಗೆ ಬಂದ್ಮೇಲೆ ಇವನ ಫೋಟೋ ಒಂದೇ ಇರತ್ತಾ?” ಎಂದು ಕೇಳಿದಳು. ಅವಳಮ್ಮ ಆ ಹುಡುಗನ ಫೋಟೋದ ಎದ್ದಿದ್ದ ಮೂಲೆಯನ್ನು ಬೆರಳಿನಿಂದ ಗೋಡೆಗೆ ಒತ್ತಿದಳು. ನಾನು ಟಿಕೆಟ್ಟಿನ ಮಾತು ಮತ್ತೆ ಎತ್ತಲಿಲ್ಲ.