ಉಡಿ ಒಲ್ಲೆ ಅಂದಾಕಿ

ಗಂಗಾವತಿಯ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ, ಮೈದಾನ ತುಂಬ ಕೂತ ಜನರ ಎದುರಿಗೆ, ನನ್ನ ಬ್ಯಾಂಡಿನವರು ನನಗೆ ಉಡಿ ತುಂಬಿ ಮನೆಗೆ ಕಳಿಸಿದರು. ಬೈದು ಕಳಿಸಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ಬೈಗುಳಕ್ಕೆ ನನ್ನ ಬಾಯಲ್ಲಿ ಯಾವಾಗಲೂ ಉತ್ತರ ಸಿದ್ಧವಿರುತ್ತದೆ. ಉಡಿಗೆ ಇರಲಿಲ್ಲ.

ಬ್ಯಾಂಡಿಗೆ ಸೇರುವ ಮೊದಲು ನಾನು ಒಬ್ಬಳೇ ಹಾಡುತ್ತಿದ್ದೆ. ಒಂದು ಎಲೆಕ್ಟ್ರಿಕ್ ಗಿಟಾರು, ಗಂಟಲು ಕಟ್ಟಿದವರಂತೆ ಕೂಗುವ ಒಂದು ಹಳೆಯ ಸ್ಪೀಕರು, ನಾನೇ ಕಟ್ಟಿದ ಹಾಡುಗಳು. ನಮ್ಮ ಕಡೆಯ ಮಾತಿನಲ್ಲೇ ರಾಕ್ ಹಾಡುವ ಹೆಣ್ಣು ಎಂದು ಕೊಪ್ಪಳದ ಹಾಸ್ಟೆಲ್ ಹುಡುಗಿಯರು ಫೋನಿನಲ್ಲಿ ಇಟ್ಟುಕೊಂಡು ಕೇಳುತ್ತಿದ್ದರು. ಭಾರೀ ಹೆಸರೇನಲ್ಲ. ಆದರೆ ಸ್ಟೇಜಿನ ಮೇಲೆ ನಿಂತರೆ ತಪ್ಪೂ ನನ್ನದೇ, ಚಪ್ಪಾಳೆಯೂ ನನ್ನದೇ.

ಆಗ ಬಂದವನು ಡ್ರಮ್ಮರ್. ಮುನಿರಾಬಾದಿನಲ್ಲಿ ಸರ್ಕಾರಿ ನೌಕರಿ, ಡ್ಯಾಮ್ ಕಾಲೊನಿಯಲ್ಲಿ ಕ್ವಾರ್ಟರ್ಸು, ಶನಿವಾರ ಭಾನುವಾರ ಬ್ಯಾಂಡು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವನು. ಎಲ್ಲರೂ ಅಣ್ಣಾ ಎನ್ನುತ್ತಿದ್ದರು, ನಾನೂ ಅಂದೆ.

"ನೋಡವಾ ತಂಗಿ, ಒಬ್ಬಾಕಿನ ಹಾಡಿದ್ರ ಗಿಡದಾಗಿನ ಹಕ್ಕಿ ಕೇಳ್ತಾವ. ಹಿಂದ ನಮ್ಮ ಡ್ರಮ್ಮಿದ್ರ ಊರ ಕೇಳ್ತೈತಿ," ಎಂದ.

ಊರು ಕೇಳಿತು, ಸುಳ್ಳು ಹೇಳಬಾರದು. ಆದರೆ ಕೇಳಿದ್ದು ಅವನ ಡ್ರಮ್ಮನ್ನು. ನನ್ನ ಹಾಡುಗಳ ಎರಡನೆಯ ಚರಣ ಮೊದಲು ಹೋಯಿತು, ಆಮೇಲೆ ಮೂರನೆಯದು. ಆ ಜಾಗದಲ್ಲೆಲ್ಲ ಅವನು ಕಣ್ಣು ಮುಚ್ಚಿ ಬಾರಿಸುತ್ತಿದ್ದ. ನಾನು ಮೈಕ್ ಹಿಡಿದು ಪಕ್ಕದಲ್ಲಿ ನಿಂತು ತಲೆ ಅಲ್ಲಾಡಿಸಬೇಕು. ಕೆಲವು ವರ್ಷ ಅಲ್ಲಾಡಿಸಿದೆ. ಒಂದು ದಿನ ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಬರುವಾಗ ಹೇಳಿದೆ, "ಅಣ್ಣಾ, ನಾ ಮತ್ತ ಒಬ್ಬಾಕಿನ ಹಾಡಬೇಕಂತ ಮಾಡೇನಿ. ಗ್ಯಾದರಿಂಗ್ ಪ್ರೋಗ್ರಾಮ್ ಮುಗಿಸಿ ಬಿಡ್ತೀನಿ."

ಅವನು ಸಿಟ್ಟಾಗಲಿಲ್ಲ. "ಛಲೋ ಆತು ಬಿಡವಾ," ಎಂದು ನಕ್ಕ. ನನಗೆ ಆಗಲೇ ಗುಮಾನಿ ಬರಬೇಕಿತ್ತು. ಒಂದು ಹಾಡಿನಲ್ಲಿ ತಾಳ ಅರ್ಧ ಮಾತ್ರೆ ತಪ್ಪಿದರೆ ಕೋಲು ಎಸೆಯುವ ಮನುಷ್ಯ, ಹಾಡುವವಳೇ ಬಿಡುತ್ತೇನೆ ಎಂದಾಗ ನಗುತ್ತಾನೆಂದರೆ ಏನರ್ಥ?

ಗ್ಯಾದರಿಂಗಿನ ದಿನ ಕೊನೆಯ ಹಾಡು ಮುಗಿಯಿತು. ಅವನು ಡ್ರಮ್ಮಿನಿಂದ ಎದ್ದು ಬಂದು ನನ್ನ ಕೈಯಿಂದ ಮೈಕ್ ತಗೊಂಡ.

"ನಮ್ಮ ಮನಿ ಮಗಳು ಇವತ್ತ ತನ್ನ ಮನಿಗೆ ಹೊಂಟಾಳ. ಯಾಕ ಹೊಂಟಾಳ ಅಂತ ನಾ ಮೈಕಿನ್ಯಾಗ ಹೇಳೂದಿಲ್ರಿ. ಹೆಣ್ಮಕ್ಕಳಿಗೆ ತಿಳೀತೈತಿ. ಇನ್ನ ಮ್ಯಾಲ ಯಾರೂ ಆಕಿನ್ನ ಪ್ರೋಗ್ರಾಮಿಗೆ ಕರೀಬ್ಯಾಡ್ರಿ. ಆಕಿಗೆ ರೆಸ್ಟ್ ಬೇಕಾಗೇತಿ."

ಸ್ಟೇಜಿನ ಪಕ್ಕದಿಂದ ಅವನ ಹೆಂಡತಿ ತಾಟು ಹಿಡಿದು ಬಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆ ಅಡಿಕೆ, ಮೇಲೆ ಕುಪ್ಪಸದ ಹಸಿರು ಖಣ. ಕೀಬೋರ್ಡಿನವನು ಗುಂಡಿ ಒತ್ತಿ ಶಹನಾಯಿ ಬಾರಿಸತೊಡಗಿದ. ಇಷ್ಟೆಲ್ಲ ಮೊದಲೇ ಪ್ರಾಕ್ಟೀಸ್ ಆಗಿತ್ತು, ನನ್ನೊಬ್ಬಳನ್ನು ಬಿಟ್ಟು.

ನಾನು ಕರಿ ಟೀ ಶರ್ಟು, ಜೀನ್ಸಿನಲ್ಲಿದ್ದೆ. ಸೆರಗೆಲ್ಲಿಂದ ಬರಬೇಕು? ಹೆಂಡತಿ ಒಂದು ಹೊಸ ಟವೆಲ್ಲನ್ನು ನನ್ನ ಹೆಗಲಿಗೆ ಹಾಕಿ ಎರಡು ತುದಿ ನನ್ನ ಕೈಗೆ ಕೊಟ್ಟಳು. ಗಿಟಾರು ಹೊಟ್ಟೆಗೆ ಅಡ್ಡವಾಗಿತ್ತು. ಅದನ್ನು ಡ್ರಮ್ಮರೇ ಹಿಡಿದು ನನ್ನ ಬೆನ್ನ ಹಿಂದಕ್ಕೆ ಸರಿಸಿದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಉಡಿ ತುಂಬುವುದು ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ, ಬಸುರಿ ಆದಾಗ, ಮಡಿಲು ತುಂಬಿರಲಿ ಎಂದು ಹರಸಿ ಕಳಿಸುವ ಪದ್ಧತಿ. ಅತ್ತೆಯ ಮೇಲೆ ಎಷ್ಟೇ ಸಿಟ್ಟಿರಲಿ, ನಾದಿನಿಯ ಜೊತೆ ಮಾತು ಬಿಟ್ಟಿರಲಿ, ಉಡಿ ತುಂಬಲು ಬಂದರೆ ಸೆರಗೊಡ್ಡಲೇಬೇಕು. ಅದಕ್ಕೆ ಒಲ್ಲೆ ಅಂದ ಹೆಣ್ಣನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನೂ ಒಡ್ಡಿದೆ. ಮುಂದೆ ಕೂತ ಹೆಂಗಸರು ಕಣ್ಣೊರೆಸಿಕೊಂಡರು, ಹುಡುಗರು ಸಿಳ್ಳೆ ಹಾಕಿದರು.

ನನಗೆ ಮದುವೆಯಾಗಿ ಬಹಳ ವರ್ಷವಾಗಿದೆ. ಮಕ್ಕಳಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯವರೆಗೂ ಹೋಗಿ ಬಂದು, ಇನ್ನು ಸಾಕು ಎಂದು ನಾನೂ ನನ್ನ ಗಂಡನೂ ಸುಮ್ಮನಾಗಿದ್ದೆವು. ಇದು ಬ್ಯಾಂಡಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಡ್ರಮ್ಮರಿಗೆ ನಾನೇ ಹೇಳಿದ್ದೆ, ಅಣ್ಣ ಅಂದುಕೊಂಡು.

ಎರಡು ದಿನದಲ್ಲಿ ನಾನು ಬಸುರಿ ಎಂಬ ಸುದ್ದಿ ಜಿಲ್ಲೆಯೆಲ್ಲ ಸುತ್ತಿತು. ನಾವು ಇರುವುದು ಕುಷ್ಟಗಿಯಲ್ಲಿ, ಗಂಡನಿಗೆ ಬೀಜದ ಕಂಪನಿಯೊಂದರಲ್ಲಿ ಕೆಲಸ. ನನ್ನ ಅತ್ತೆ ಯಲಬುರ್ಗಿಯಿಂದ ಮೊದಲ ಬಸ್ಸಿಗೆ ಬಂದಿಳಿದಳು. ಕೈಯಲ್ಲಿ ಬುತ್ತಿ ಗಂಟು. ಬಸುರಿಯ ಬಯಕೆಗೆಂದು ಹುಳಿ ಬುತ್ತಿ, ಮೊಸರು ಬುತ್ತಿ, ಕರಿಗಡುಬು, ಏನೇನೋ. ಜೀವನದಲ್ಲಿ ಮೊದಲ ಸಲ ನನ್ನ ಕೆನ್ನೆ ಸವರಿದಳು.

"ಏನಿಲ್ರಿ ಅತ್ತಿ. ಅದು ಸುಳ್ಳು," ಎಂದೆ.

ಅವಳು ನನ್ನ ಹೊಟ್ಟೆ ನೋಡಿದಳು, ಮುಖ ನೋಡಲಿಲ್ಲ. ಗಂಟನ್ನು ಬಿಚ್ಚದೆ ಎತ್ತಿಕೊಂಡು ಅದೇ ಬಸ್ಸಿಗೆ ವಾಪಸ್ ಹೋದಳು. ಒಂದು ತುತ್ತೂ ಇಟ್ಟು ಹೋಗಲಿಲ್ಲ.

ಹಾಡಿನ ಗತಿಯೂ ಅದೇ ಆಯಿತು. ಕೊಪ್ಪಳದ ಕಾಲೇಜೊಂದು ನನ್ನನ್ನು ಒಬ್ಬಳನ್ನೇ ಗೊತ್ತು ಮಾಡಿತ್ತು. ಅವರು ಫೋನ್ ಮಾಡಿ, "ಬ್ಯಾಡ್ರಿ ಮೇಡಂ, ಇಂಥಾದ್ರಾಗ ಸ್ಪೀಕರ್ ಬಾಜೂ ನಿಂದ್ರಬಾರದ್ರಿ, ಕೂಸಿಗೆ ತ್ರಾಸ ಆಗ್ತೈತಿ," ಎಂದರು. ಕೂಸಿಲ್ಲ ಎಂದೆ. "ಅಯ್ಯ, ಹೋತೇನ್ರಿ? ಹಂಗಾರ ಇನ್ನೂ ರೆಸ್ಟ್ ತಗೋರಿ," ಎಂದು ಇಟ್ಟರು. ಹೀಗೆ ನನ್ನ ಹೊಟ್ಟೆಯಲ್ಲಿ ಇಲ್ಲದ ಕೂಸನ್ನು ಅವರೇ ಹುಟ್ಟಿಸಿ ಅವರೇ ಕೊಂದರು. ಆಮೇಲೆ ಯಾರೂ ಕರೆಯಲಿಲ್ಲ.

ನಾನು ಮುನಿರಾಬಾದಿಗೆ ಹೋದೆ. ಜಗಳಕ್ಕೆಂದೇ ಹೋದೆ. ಬಾಗಿಲು ತೆರೆದವಳು ಅವನ ಹೆಂಡತಿ. ಅಣ್ಣನ ಹೆಂಡತಿ ಎಂದು ಅವಳನ್ನು ನಾನು ವೈನಿ ಎನ್ನುತ್ತೇನೆ.

"ಬಾರವಾ. ಇಂಥಾದ್ರಾಗ ಬಸ್ಸಿನ್ಯಾಗ ಯಾಕ ಬಂದಿ? ಎಷ್ಟ ತಿಂಗಳಾದುವು?"

"ನಿಮಗ ಯಾರ ಹೇಳಿದ್ರು?"

"ನಿಮ್ಮಣ್ಣಾರ ಹೇಳಿದ್ರಲ್ಲ. ಗುಟ್ಟ ಇಡು ಅಂದ್ರು. ಅದಕ್ಕ ನಾ ಬಸುರಿಗಂತ ಹುಡುಕಿ ಹಸರ ಖಣ ತಂದಿದ್ದೆ."

ಅವನು ಒಳಗೆ ಕುರ್ಚಿಯ ಮೇಲೆ ಕೂತು ರಬ್ಬರಿನ ತುಂಡೊಂದರ ಮೇಲೆ ಕೋಲು ಬಡಿಯುತ್ತ ಕೈ ಸಾಧನೆ ಮಾಡುತ್ತಿದ್ದ. ನನ್ನನ್ನು ಕಂಡರೂ ನಿಲ್ಲಿಸಲಿಲ್ಲ.

"ನಾ ಏನರ ಬೈದೇನೇನು? ಬಡದೇನೇನು? ಹೆಣ್ಮಗಳಿಗೆ ಮಾಡೂ ಮರ್ಯಾದಿ ಮಾಡಿ ಕಳಿಸೇನಿ. ತಪ್ಪಿದ್ರ ನಾಲ್ಕು ಮಂದ್ಯಾಗ ಹೇಳವಾ."

"ನನಗ ಮಕ್ಕಳಾಗಂಗಿಲ್ಲ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತು," ಎಂದ. ಕೋಲು ಒಂದೇ ಲಯದಲ್ಲಿ ಬೀಳುತ್ತಲೇ ಇತ್ತು. "ಆಗ್ಲಿ ಅಂತ ಹಾರೈಸಿದ್ರ ತಪ್ಪೇನು?"

ಚಹಾ ತಂದಿದ್ದ ವೈನಿ ಬಾಗಿಲಲ್ಲೇ ನಿಂತಿದ್ದಳು. ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಗಂಡನಿಗೆ ತಂದ ಬಟ್ಟಲನ್ನೂ ತನ್ನ ಕೈಯಿಂದ ನನ್ನ ಮುಂದೆಯೇ ಇಟ್ಟಳು. ನನಗೆ ಅವಳ ಮೇಲೆ ಕನಿಕರ ಬರಲಿಲ್ಲ. ಅಕ್ಕಿ ಸುರಿದ ಕೈ ಅದೇ ಅಲ್ಲವೇ ಎಂದುಕೊಂಡೆ. ಚಹಾ ಮುಟ್ಟದೆ ಎದ್ದು ಬಂದೆ.

ಮುಂದೆ ಮನೆಯಲ್ಲಿ ಕೂತೆ. ಗಂಡ ಒಳ್ಳೆಯವನು, ಸಮಾಧಾನ ಮಾಡಿದ. ಅವನ ಸಮಾಧಾನ ಕೇಳಿ ಕೇಳಿ ನನಗೆ ಅವನ ಮೇಲೂ ಸಿಟ್ಟು ಬರುತ್ತಿತ್ತು. ಗಿಟಾರಿನ ತಂತಿಗೆ ತುಕ್ಕು ಹಿಡಿಯಿತು. ಬ್ಯಾಂಡಿಗೆ ಹೊಸ ಹುಡುಗಿ ಬಂದು ನನ್ನ ಹಾಡುಗಳನ್ನೇ, ಎರಡನೆಯ ಚರಣ ಬಿಟ್ಟು, ಹಾಡುತ್ತಿದ್ದಳು. ಚೆನ್ನಾಗಿಯೇ ಹಾಡುತ್ತಿದ್ದಳು, ಅದು ಇನ್ನೂ ಉರಿಯುತ್ತಿತ್ತು.

ಮಳೆಗಾಲ ಕಳೆದ ಮೇಲೆ ವೈನಿಯ ಫೋನು ಬಂತು. ತಳಕಲ್ ಅವಳ ತವರು. ಅಲ್ಲಿ ಹೆಂಗಸರ ಸಂಘದ ವಾರ್ಷಿಕೋತ್ಸವವಂತೆ. "ನೀ ಒಬ್ಬಾಕಿನ ಬಂದು ಹಾಡವಾ. ನಾ ನಮ್ಮ ಮಂದಿಗೆ ಹಟ ಮಾಡಿ ಒಪ್ಪಿಸೇನಿ. ನಿಮ್ಮಣ್ಣಾರಿಗೆ ಹೇಳಿಲ್ಲ." ಬೇರೆ ಯಾರೂ ಕರೆಯುತ್ತಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಪ್ಪಿಕೊಂಡೆ.

ಶಾಲೆಯ ಬಯಲು, ಮರದ ಪಲಂಗಗಳನ್ನು ಜೋಡಿಸಿ ಮಾಡಿದ ಸ್ಟೇಜು. ಮುಂದೆ ಜಮಖಾನೆಯ ಮೇಲೆ ಹೆಂಗಸರು, ಹಿಂದೆ ಬೈಕಿನ ಮೇಲೆ ನಗಲೆಂದೇ ಬಂದ ಹುಡುಗರು. ಮೊದಲ ಹಾಡಿನಲ್ಲಿ ನನ್ನ ದನಿ ನಡುಗಿತು. ಎರಡನೆಯ ಹಾಡಿನ ಎರಡನೆಯ ಚರಣ ಬಂದಾಗ, ಅದನ್ನು ಕಡಿಯುವವರು ಹಿಂದೆ ಯಾರೂ ಇಲ್ಲ ಎಂದು ಥಟ್ಟನೆ ಹೊಳೆದು, ಗಂಟಲು ತಾನಾಗಿ ಬಿಚ್ಚಿಕೊಂಡಿತು. ಸಂತೋಷವಾಯಿತು, ಅದಕ್ಕೆ ಬೇರೆ ಮಾತಿಲ್ಲ. ನಾಲ್ಕನೆಯ ಹಾಡಿಗೆ ಬೈಕಿನ ಹುಡುಗರು ಮುಂದೆ ಬಂದು ನಿಂತು, "ಅಕ್ಕಾ, ಮತ್ತೊಮ್ಮೆ," ಎಂದರು. ಎಲ್ಲರ ಕೈಯಲ್ಲೂ ಫೋನು ಎದ್ದಿತ್ತು.

ಆಗ ವೈನಿ ತಾಟು ಹಿಡಿದು ಸ್ಟೇಜು ಹತ್ತಿದಳು. ಅದೇ ಅಕ್ಕಿ, ಅದೇ ಕೊಬ್ಬರಿ, ಉತ್ತತ್ತಿ. ಖಣ ಮಾತ್ರ ಈ ಸಲ ಕೆಂಪು.

"ಅವತ್ತಿಂದು ಸುಳ್ಳಾತವಾ," ಎಂದಳು. ಕಣ್ಣು ತುಂಬಿತ್ತು. "ಇವತ್ತ ಖರೇ ಮನಸ್ಸಿನಿಂದ ತುಂಬ್ತೀನಿ. ಸೆರಗೊಡ್ಡು."

ಮೈಕ್ ಚಾಲೂ ಇತ್ತು. ಊರೆಲ್ಲ ಕೇಳುತ್ತಿತ್ತು. ಬಯಲಿನಲ್ಲಿ ಅವಳ ತಾಯಿ, ಅವಳ ಅಣ್ಣಂದಿರ ಹೆಂಡಂದಿರು, ಅವಳನ್ನು ಎತ್ತಿ ಆಡಿಸಿದ ಮುದುಕಿಯರು ಕೂತಿದ್ದರು.

"ಒಲ್ಲೆ ವೈನಿ," ಎಂದೆ.

"ಹಂಗ ಅನಬಾರದವಾ."

"ಒಲ್ಲೆ ಅಂದೆ. ಉಡಿ ತುಂಬಿಸಿಕೊಂಡ್ರ ಹೊಂಡಬೇಕಾಗ್ತೈತಿ. ನಾ ಇವತ್ತ ಎಲ್ಲಿಗೂ ಹೊಂಡೂದಿಲ್ಲ. ಕೆಳಗ ಇಳೀರಿ. ವಾಯರ್ ತುಳೀಬ್ಯಾಡ್ರಿ."

ಅವಳು ಇಳಿದಳು. ತಾಟು ವಾಲಿ ಒಂದಿಷ್ಟು ಅಕ್ಕಿ ಪಲಂಗದ ಸಂದಿನಲ್ಲಿ ಚೆಲ್ಲಿತು. ಮುದುಕಿಯೊಬ್ಬಳು ಬಾಯಿಗೆ ಸೆರಗು ಹಚ್ಚಿಕೊಂಡಳು. ತುಂಬಿದ ತಾಟನ್ನು ಹಾಗೇ ಹಿಡಿದು, ತವರಿನವರ ನಡುವೆ ಹಾದು ಅವಳು ಮನೆಗೆ ನಡೆಯುವುದನ್ನು ನೋಡುತ್ತಲೇ ನಾನು ಮುಂದಿನ ಹಾಡು ಎತ್ತಿಕೊಂಡೆ. ಅವತ್ತು ಹಾಡಿದ ಹಾಗೆ ಅದನ್ನು ನಾನು ಮತ್ತೆಂದೂ ಹಾಡಿಲ್ಲ.

ಆ ವಿಡಿಯೊ ಸುದ್ದಿಗಿಂತ ಜೋರಾಗಿ ಓಡಿತು. ಉಡಿ ಒಲ್ಲೆ ಅಂದಾಕಿ ಎಂಬುದೇ ನನ್ನ ಹೆಸರಾಯಿತು. ಬೈಯುವವರು ಬೈದರು, ಆದರೆ ಬೈಯುವವರೂ ಕೇಳಲು ಬಂದರು. ಸಿದ್ದಾಪುರ, ಕೊಪ್ಪಳ, ಯಲಬುರ್ಗಿ, ಉಡಿ ತುಂಬಿಸಿಕೊಂಡ ಅದೇ ಗಂಗಾವತಿ. ಈಗ ಒಬ್ಬಳೇ ಹಾಡುತ್ತೇನೆ, ಎಲ್ಲ ಚರಣ ಹಾಡುತ್ತೇನೆ. ಗೊತ್ತು ಮಾಡುವವರು ಮೊದಲೇ ಹೇಳುತ್ತಾರೆ, "ನಾವು ಉಡಿ ಪಡಿ ಏನೂ ಮಾಡಂಗಿಲ್ರಿ, ಬರ್ರಿ." ವೈನಿ ಮತ್ತೆ ಫೋನ್ ಮಾಡಲಿಲ್ಲ. ತವರಿಗೆ ಹೋಗುವುದನ್ನು ಬಿಟ್ಟಿದ್ದಾಳೆ ಎಂದು ಯಾರೋ ಹೇಳಿದರು. ಅವಳಿಗೆ ಹಾಗೆ ಮಾಡಬಾರದಿತ್ತು ಎಂದು ನನ್ನ ಗಂಡ ಅನ್ನುತ್ತಾನೆ. ಅವತ್ತು ಸೆರಗೊಡ್ಡಿದ್ದರೆ ನಾನು ಇವತ್ತಿಗೂ ನಿನ್ನ ಮನೆಯಲ್ಲಿ ಕೂತಿರುತ್ತಿದ್ದೆ ಎಂದು ನಾನು ಅನ್ನುತ್ತೇನೆ.

ಈ ಸಲ ಪಂಚಮಿಗೆ ತವರಿಗೆ ಹೋಗಿದ್ದೆ. ತಂಗಿಯೂ ಬಂದಿದ್ದಳು. ಹೊರಡುವ ದಿನ ಅವ್ವ ನಮ್ಮಿಬ್ಬರನ್ನೂ ದೇವರ ಮುಂದೆ ಮಣೆಯ ಮೇಲೆ ಕೂರಿಸಿದಳು. ನಾನು ಅದಕ್ಕೆಂದೇ ಸೀರೆ ಉಟ್ಟಿದ್ದೆ. ಅವ್ವ ತಂಗಿಯ ಉಡಿಗೆ ಅಕ್ಕಿ ಹಾಕಿದಳು, ಕೊಬ್ಬರಿ, ಉತ್ತತ್ತಿ, ಖಣ ಹಾಕಿದಳು. ನನ್ನ ಹಣೆಗೆ ಕುಂಕುಮ ಹಚ್ಚಿ, ತಾಟು ಎತ್ತಿಕೊಂಡು ಒಳಗೆ ಹೊರಟಳು.

"ಅವ್ವಾ, ನನಗ?" ಎಂದೆ.

ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಗಳಿಗೆ ಸೇರದ ಅಡುಗೆಯನ್ನು ಅವಳ ತಾಟಿಗೆ ಬಡಿಸದೆ ಬಿಟ್ಟವಳ ಹಾಗಿದ್ದಳು. "ನೀ ಒಲ್ಲೆ ಅಂತೀಯಲ್ಲವಾ. ಫೋನಿನ್ಯಾಗ ನೋಡೇನಿ," ಎಂದಳು.

ನಾನು ಆಗಲೇ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಒಡ್ಡಿದ್ದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ. ಸಂಜೆ ಕುಷ್ಟಗಿಯಲ್ಲಿ ಕಾರ್ಯಕ್ರಮವಿತ್ತು.