ಹಡಗಿನಲ್ಲಿ ಬಂದ ಗ್ಯಾಸು

ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಹತ್ತಿಕಟ್ಟಿಗೆಯ ಒಲೆ ಹಚ್ಚಿದೆ. ಹೊರದೇಶದಿಂದ ಹಡಗು ಬರುವುದು ತಡವಂತೆ, ಸಿಲಿಂಡರ್ ಯಾವಾಗ ಸಿಗುತ್ತದೋ ಹೇಳಲಾಗದು ಎಂದಿದ್ದರು ಏಜೆನ್ಸಿಯವರು. ಇದ್ದುದನ್ನು ಉಳಿಸೋಣವೆಂದು ಕೂತವಳಿಗೆ ಆ ಹೊಗೆಯ ವಾಸನೆ ಮೂಗಿಗೆ ಹತ್ತಿದ್ದೇ ತಡ, ಕುಷ್ಟಗಿಯ ನಮ್ಮ ಎದುರುಮನೆಯ ಅಕ್ಕಾರು ನೆನಪಾದರು...

ನಾನಾಗ ಮದುವೆಯಾಗಿ ಆ ಓಣಿಗೆ ಹೊಸಬಳು. ಅಕ್ಕಾರಿಗೆ ಉಬ್ಬಸ. ಹೊಗೆಯ ಮುಂದೆ ಕೂಡಬೇಡಿ ಎಂದಿದ್ದರು ಡಾಕ್ಟರು. ನಮ್ಮ ಮನೆಯಲ್ಲಿ ಸರ್ಕಾರಿ ಗ್ಯಾಸು ಇತ್ತು. ಅದಕ್ಕೆ ಹೆಸರು ಬರೆಸಿ ಕಾಯುತ್ತಿದ್ದ ಅವರ ಸರದಿ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಹೊರದೇಶದ ಗ್ಯಾಸು ತರಿಸಿ ಮಾರಲು ಖಾಸಗಿಯವರಿಗೂ ಅನುಮತಿ ಸಿಕ್ಕು, ಅವರಿಗೂ ಒಂದು ಸಿಲಿಂಡರ್ ಬಂತು. ವಿಭೂತಿ ಹಚ್ಚಿ, ಹೂ ಏರಿಸಿ, ಮೊದಲು ಹಾಲು ಉಕ್ಕಿಸಿದರು. ಒಲೆಯ ಮೇಲೆ ಬಿದ್ದ ಹನಿಯನ್ನು ಸೆರಗಿನ ತುದಿಯಿಂದಲೇ ಒರೆಸಿದರು.

“ಅರಬರ ದೇಶದ ಬೆಂಕಿ ನೋಡ ತಂಗಿ, ಇದಕ್ಕ ಜ್ವಾಳದ ರೊಟ್ಟಿ ಉಬ್ಬಸಾಕ ಇನ್ನೂ ಬರವಲ್ದು!” ಎಂದು ನಗುತ್ತಿದ್ದರು. ಕೆಮ್ಮು ತಗ್ಗಿತ್ತು.

ಆಮೇಲೆ ಹೊರದೇಶದಲ್ಲಿ ಗ್ಯಾಸಿನ ಬೆಲೆ ಏರಿತು. ಸರ್ಕಾರಿ ಗ್ಯಾಸಿಗಿದ್ದ ಸಬ್ಸಿಡಿ ಇದಕ್ಕಿರಲಿಲ್ಲ. ಮಾರುವವನು ಅಂಗಡಿ ಮುಚ್ಚಿದ.

“ಕಾನ್ವೆಂಟಿನಾಗ ಕಲ್ತಾಕಿ ನೀ. ಪೇಪರ್ ನೋಡಿ ಹೇಳವಾ, ಮತ್ತ ಹಡಗ ಬರ್ತೈತೇನು?”

“ತರಸಬಹುದು ಅಂತ ಕಾಯ್ದೆ ಐತ್ರಿ ಅಕ್ಕಾರ. ತರಸಲೇಬೇಕು ಅಂತ ಇಲ್ರಿ.”

ಅಕ್ಕಾರು ಸಿಲಿಂಡರನ್ನು ತುಸು ಅಲುಗಿಸಿ ನೋಡಿದರು. “ಹಂಗಾರ ಇದ್ದದ್ದನ್ನ ಹಿಡದು ಬಳಸಬೇಕು. ಬೀಗರು ಬಿಜ್ಜರು ಬಂದ್ರ ಬೇಕಾಕ್ಕೈತಿ.”

ಮರುದಿನದಿಂದ ಮತ್ತೆ ಕಟ್ಟಿಗೆ ಒಲೆ, ಊದುಗೊಳವೆ, ಕೆಮ್ಮು... ನಮ್ಮಲ್ಲೇ ಅಡುಗೆ ಮಾಡಿಕೊಳ್ಳಿ ಬನ್ನಿ ಎಂದು ಎಷ್ಟೋ ಸಲ ಕರೆದೆ. “ದಿನಾ ಬಂದ್ರ ನಿಮ್ಮತ್ತಿ ನನ್ನೂ ಸೊಸಿ ಮಾಡ್ಕೊಂಡು ಭಾಂಡೆ ತಿಕ್ಕಸ್ತಾಳ!” ಎನ್ನುತ್ತ ಬಾಗಿಲಲ್ಲೇ ನಿಂತು, ಏದುಸಿರು ತಡೆದು, ತಿರುಗಿ ಹೋಗುತ್ತಿದ್ದರು.

ಅಕ್ಕಾರು ಆ ಚಳಿಗಾಲ ದಾಟಲಿಲ್ಲ. ಮಣ್ಣು ಮಾಡಿದ ಮರುದಿನ ಯಲಬುರ್ಗಾ ಕಡೆಯ ನೆಂಟರು ಬಂದಿದ್ದರು. ಚಹಾ ಮಾಡಲು ನಾನೇ ಅವರ ಅಡುಗೆಮನೆಗೆ ಹೋದೆ. ಸಿಲಿಂಡರಿನ ಮೇಲೆ ಒಣಗಿದ ಹೂವೊಂದು ಇತ್ತು. ಎಂದೋ ತೀರಿರಬೇಕೆಂದುಕೊಂಡು ಸುಮ್ಮನೆ ಕಡ್ಡಿ ಗೀರಿದೆ.

ಭಗ್ಗೆಂದು ನೀಲಿ ಉರಿ ಎದ್ದಿತು. ಬಂದವರಿಗೆಲ್ಲ ಚಹಾ ಆಯಿತು. ಆದರೂ ಗ್ಯಾಸು ತೀರಲಿಲ್ಲ...

ಎಷ್ಟೋ ವರ್ಷದ ಮಾತು. ಕೊಪ್ಪಳದ ಈ ಮನೆಯ ಎದುರು ಈಗ ಯಾರಿದ್ದಾರೆಂದೂ ನನಗೆ ಸರಿಯಾಗಿ ಗೊತ್ತಿಲ್ಲ. ಕಣ್ಣೊರೆಸಿಕೊಂಡು ಕೊಳ್ಳಿಗಳನ್ನು ಹಿಂದಕ್ಕೆಳೆದೆ. ಒಳಗೆ ಬಂದು ಗ್ಯಾಸಿನ ಮೇಲೆ ಚಹಾ ಇಟ್ಟೆ. ಬೀಗರು ಯಾರೂ ಬಂದಿರಲಿಲ್ಲ. ನನಗೊಬ್ಬಳಿಗೇ.